ಆಸ್ಟಿನ್ ಒಪ್ಪಲಿಲ್ಲ

ಭಾನುವಾರ ಮಧ್ಯಾಹ್ನ ಡಾಲಸ್ ಪಕ್ಕದ ಕಾಪೆಲ್‌ನ ಭಾನುಮತಿಯ ಮನೆಯಲ್ಲಿ ಸುಚೇತಾ ಒಂದು ಕೈಯಲ್ಲಿ ಖಾರಾಭಾತಿನ ತಟ್ಟೆ, ಇನ್ನೊಂದರಲ್ಲಿ ಫೋನು ಹಿಡಿದು ಕೂತಿದ್ದಳು. ಫೋನಿನಲ್ಲಿ ಯುರೋಪಿನ ಪುಟ್ಟ ದೇಶವೊಂದರ ಮತ ಎಣಿಕೆ ನಡೆದಿತ್ತು. ಆ ದೇಶದ ಜನಸಂಖ್ಯೆ ಹ್ಯೂಸ್ಟನ್ ಮತ್ತು ಅದರ ಸುತ್ತಮುತ್ತಲಿನಷ್ಟೂ ಇಲ್ಲ. ಆದರೆ ರಷ್ಯಾದ ಅನಿಲದ ಮೇಲೆ ಹೊಸ ನಿರ್ಬಂಧ ಹೇರಲು ಯುರೋಪಿಯನ್ ಒಕ್ಕೂಟದ ಇಪ್ಪತ್ತೇಳು ದೇಶಗಳೂ ಹೂಂ ಅನ್ನಬೇಕಿತ್ತು; ಇದೊಂದು ಎರಡು ವರ್ಷದಿಂದ ಊಹೂಂ ಅನ್ನುತ್ತಿತ್ತು.

ಸುಚೇತಾ ಹ್ಯೂಸ್ಟನ್‌ನಿಂದ ಯುರೋಪಿಗೆ ಹಡಗಿನಲ್ಲಿ ಅನಿಲ ಕಳಿಸುವ ಕಂಪನಿಯೊಂದರಲ್ಲಿ ಯುರೋಪಿನ ರಾಜಕೀಯ ನೋಡಿ ಮುಂದೇನಾದೀತು ಎಂದು ಹೇಳುವವಳು. ಗಂಡ ವಿಶ್ವಾಸ್ ಇದನ್ನು ಗಿಳಿಶಾಸ್ತ್ರ ಎನ್ನುತ್ತಾನೆ. ನಿರ್ಬಂಧ ಬಂದರೆ ಟೆಕ್ಸಾಸಿನ ಅನಿಲಕ್ಕೆ ಬೇಡಿಕೆ, ಅವಳ ನಾಲ್ಕು ಜನರ ವಿಭಾಗ ಕಾಯಂ. ಬರದಿದ್ದರೆ ಡಿಸೆಂಬರಿನಲ್ಲಿ ವಿಭಾಗಕ್ಕೆ ಬೀಗ. ಆ ತೀರ್ಮಾನಕ್ಕೆ ಸಂಜೆ ಐದರೊಳಗೆ ಅವಳ ವರದಿ ಹೋಗಬೇಕು. ಅದನ್ನು ಆಗಲೇ ಬರೆದಿಟ್ಟಿದ್ದಳು: ವಿರೋಧ ಪಕ್ಷ ಗೆಲ್ಲುತ್ತದೆ, ಆ ದೇಶದ ತಕರಾರು ನಿಲ್ಲುತ್ತದೆ. ಎರಡು ಗಂಟೆಯ ಹೊತ್ತಿಗೆ ಮೊದಲ ಅರ್ಧ ನಿಜವಾಗಿತ್ತು.

ಇಂಥ ದಿನ ಅವಳು ಕಾಪೆಲ್‌ಗೆ ಬಂದದ್ದು ಹ್ಯೂಸ್ಟನ್ ಕನ್ನಡ ಸಂಘದ ಪ್ರತಿನಿಧಿಯಾಗಿ, ಸಭೆಗೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಸಂಘಗಳು ಸೇರಿ ಮಾಡುವ ಸಮ್ಮೇಳನಕ್ಕೆ ಮೂವರ ಒಪ್ಪಿಗೆಯೂ ಬೇಕು ಎಂದು ಯಾರೋ ಪುಣ್ಯಾತ್ಮರು ನಿಯಮ ಬರೆದಿದ್ದರು. ಸಮ್ಮೇಳನ ಕಾಪೆಲ್‌ನಲ್ಲೇ ಆಗಲಿ ಎಂದು ಡಾಲಸ್ ಹೇಳಿತು. ಊಟದ ಮೆನು ತನ್ನ ಕೈಗೆ ಬಂದದ್ದರಿಂದ ಹ್ಯೂಸ್ಟನ್ ಒಪ್ಪಿತು. ಆಸ್ಟಿನ್ ಅಧ್ಯಕ್ಷ ರಾಜಗೋಪಾಲರು ಎರಡು ವರ್ಷ ಒಪ್ಪಲಿಲ್ಲ. ಕಳೆದ ತಿಂಗಳು ಸಂಘದ ಚುನಾವಣೆಯಲ್ಲಿ ಅವರು ಸೋತು, ಧಾರವಾಡದ ಚನ್ನಬಸಪ್ಪ ಗೆದ್ದರು. ಡಾಲಸ್ ಅಧ್ಯಕ್ಷೆ ಭಾನುಮತಿ ಆ ಸಂಭ್ರಮದಲ್ಲಿ ಸ್ಥಳ, ದಿನಾಂಕ, ಚನ್ನಬಸಪ್ಪನವರ ನಗುಮುಖ ಎಲ್ಲ ಸೇರಿಸಿ ಐನೂರು ಕರಪತ್ರ ಅಚ್ಚು ಹಾಕಿಸಿಬಿಟ್ಟಿದ್ದರು.

ಎದುರು ಕೂತಿದ್ದ ಚನ್ನಬಸಪ್ಪ ಕರಪತ್ರವನ್ನು ಕನ್ನಡಕ ಏರಿಸಿ ನೋಡಿದರು.

"ಫೋಟೋ ಛಲೋ ಬಂದದ ನೋಡ್ರಿ. ಆದ್ರ ಇದಕ್ಕ ನಾ ಹೂಂ ಅಂದಿಲ್ಲಲ್ರಿ, ಮೇಡಂ?"

"ಅಯ್ಯೋ, ಅಡ್ಡಗಾಲು ಹಾಕ್ತಿದ್ದವರು ಹೋದರಲ್ಲ ಸರ್! ಆಸ್ಟಿನ್‌ನವರೇ ಸೋಲಿಸಿದ್ರಲ್ಲ!"

"ಸೋಲಿಸಿದ್ದು ಖರೇ. ಯಾಕ ಸೋಲಿಸಿದ್ರು ಕೇಳ್ರಿ. ದೀಪಾವಳಿ ಊಟ ಎರಡು ತಾಸು ತಡ ಮಾಡಿದ್ರು, ಹುಡುಗ್ರು ಅತ್ತು ಕರೆದು ಮಲಗಿಬಿಟ್ಟವು. ಕಾಪೆಲ್ ಬ್ಯಾಡ ಅಂದದ್ದಕ್ಕ ಯಾರೂ ಸಿಟ್ಟಾಗಿಲ್ಲ. ಇಲ್ಲಿಗೆ ಮೂರೂವರೆ ತಾಸು ಡ್ರೈವ್ ಮಾಡೋ ಮಂದಿ ಆಗ ಅವರ ಮಂದಿ ಇದ್ರು, ಈಗ ನನ್ನ ಮಂದಿ."

ಭಾನುಮತಿ ಐನೂರು ಕರಪತ್ರಗಳ ಕಡೆ ನೋಡಿದರು. ಸುಚೇತಾ ಮಾತ್ರ ತಟ್ಟೆ ಕೆಳಗಿಟ್ಟಳು.

"ಹಾಗಾದ್ರೆ ನೀವೂ ಇಲ್ಲ ಅಂತೀರಾ, ಸರ್?"

"ಇಲ್ಲ ಅಂದ್ನೇನವ್ವಾ? ಏನ್ ಕೊಡ್ತೀರಿ ಅಂತ ಕೇಳಾಕತ್ತೀನಿ. ನಮ್ಮ ಹುಡುಗ್ರ ನಾಟಕ ಮಧ್ಯಾಹ್ನನ ಮುಗೀಬೇಕು, ಬೆಳಕಿದ್ದಾಗ ಮನಿ ಮುಟ್ಟಬೇಕು. ಮುಂದಿನ ಸಲ ಆಸ್ಟಿನ್‌ನಾಗ. ಇಷ್ಟು ಬರೆದು ಕೊಡ್ರಿ, ಆಮ್ಯಾಲೆ ಮಾತಾಡೋಣು."

ಸುಚೇತಾ ಲ್ಯಾಪ್‌ಟಾಪ್ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಗೆದ್ದ ಪಕ್ಷದ ಭಾಷಣಗಳನ್ನು ಮೊದಲಿಂದ ಓದಿದಳು. ಆಸ್ಪತ್ರೆ, ಲಂಚ, ದಿನಸಿ ಬೆಲೆ. ರಷ್ಯಾದ ಅನಿಲದ ಬಗ್ಗೆ ಇದ್ದದ್ದು ಒಂದೇ ಸಾಲು: ಯಾವ ಮನೆಯೂ ಚಳಿಯಲ್ಲಿ ನಡುಗಬಾರದು. ಆ ಸಾಲನ್ನು ಅವಳು ಮೊದಲೂ ಓದಿದ್ದಳು. ತನಗೆ ಬೇಕಾದದ್ದು ಅಲ್ಲಿರಲಿಲ್ಲವೆಂದು ದಾಟಿದ್ದಳು. ಸರ್ಕಾರ ಬದಲಾಗಿತ್ತು, ಆ ಮನೆಗಳಿಗೆ ರಷ್ಯಾದ ಅನಿಲ ತರುವ ಕೊಳವೆಗಳು ಬದಲಾಗಿರಲಿಲ್ಲ.

ವರದಿಯನ್ನು ತಿದ್ದಿದಳು: ತಕರಾರು ನಿಲ್ಲುವುದಿಲ್ಲ. ದನಿ ಮೆತ್ತಗಾಗುತ್ತದೆ, ಚೌಕಾಶಿ ಶುರುವಾಗುತ್ತದೆ. ಎರಡು ಚಳಿಗಾಲದ ವಿನಾಯಿತಿ ಕೊಟ್ಟರೆ ಒಪ್ಪುತ್ತಾರೆ, ಅಲ್ಲಿಯವರೆಗೆ ಇಪ್ಪತ್ತಾರು ದೇಶಗಳು ಕಾಯುತ್ತವೆ.

ನಾಲ್ಕೂವರೆಗೆ, ಅವಳು ಕಳಿಸಿದ್ದ ಕರಡು ಓದಿದ ಮೇಲಧಿಕಾರಿಯ ಫೋನು ಬಂತು. ಇಂಗ್ಲಿಷಿನಲ್ಲಿ ಮೃದುವಾಗಿಯೇ ಕೇಳಿದ: ಎಲ್ಲರೂ ಬಾಗಿಲು ತೆರೆಯಿತು ಎನ್ನುತ್ತಿದ್ದಾರೆ, ನೀನೊಬ್ಬಳೇ ಎರಡು ಚಳಿಗಾಲ ಎನ್ನುತ್ತೀಯ. ಡಿಸೆಂಬರಿನ ವಿಷಯ ನೆನಪಿದೆಯಲ್ಲ?

"ನೆನಪಿದೆ," ಎಂದಳು. ಆತ ಹೇಳಿದ: "ಸರಿ, ಕಳಿಸು."

ಚನ್ನಬಸಪ್ಪ ಚಹಾ ಲೋಟ ತೊಳೆಯಲು ಒಳಗೆ ಬಂದಿದ್ದರು. "ಏನಾತವ್ವಾ, ನಿಮ್ಮ ಆ ಇಲೆಕ್ಷನ್?"

"ಗೆದ್ದವರು ಒಪ್ಪಲ್ಲ ಸರ್. ನಿಮ್ಮ ಹಾಗೇ."

"ಹಂಗಾರ ಶಾಣ್ಯಾ ಮಂದಿ," ಎಂದರು. ಆಮೇಲೆ ಅವಳ ಮುಖ ನೋಡಿ, ನಗು ಅಲ್ಲಿಗೇ ನಿಲ್ಲಿಸಿ, "ನಿಮಗೇನರೆ ತ್ರಾಸ ಆಗ್ತದೇನು?" ಎಂದು ಕೇಳಿದರು.

"ಆಗುತ್ತೆ ಸರ್."

ಅವರು ಅವಳಿಗೂ ಒಂದು ಲೋಟ ಚಹಾ ಬಗ್ಗಿಸಿದರು.

ವರದಿಯ ಕೆಳಗೆ ವಿಭಾಗದ ನಾಲ್ವರ ಹೆಸರಿತ್ತು; ತಿದ್ದಿದ್ದಕ್ಕೆ ಉಳಿದ ಮೂವರು ಇನ್ನೂ ಹೂಂ ಅಂದಿರಲಿಲ್ಲ. ಸುಚೇತಾ ಮೂರನ್ನು ತೆಗೆದು ತನ್ನದೊಂದನ್ನೇ ಉಳಿಸಿದಳು. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕಳಿಸುವ ಮೊದಲು ಆ ಮೂವರಿಗೂ ಒಬ್ಬೊಬ್ಬರಾಗಿ ಫೋನು ಮಾಡಿದಳು.