ಗ್ರೀಸಿನ ಗುಡ್ಡದಲ್ಲಿ ತವರು

ಸಾಯುವ ಮುಂಚೆ ತವರೂರನ್ನು ಒಮ್ಮೆ ನೋಡಲೇಬೇಕೆಂದು ಮುನಿಗಂಗಮ್ಮ ಹಟ ಹಿಡಿದಾಗ ಮೊಮ್ಮಗಳು ಹಂಸ ಒಂದು ಸುಳ್ಳು ಹೇಳಿದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ಜನ ನಾವು. ಹಾಸಿಗೆ ಹಿಡಿದ ಮುದುಕಿಯ ಸಮಾಧಾನಕ್ಕೆ ಒಂದು ಸುಳ್ಳು ಯಾವ ಲೆಕ್ಕ? ಆ ತವರೂರಾದರೂ ಎಲ್ಲಿದೆ? ಜನ ಬಿಟ್ಟುಹೋಗಿ ಹಾಳುಬಿದ್ದು, ಈಗ ಕೆ.ಆರ್. ಪುರದ ಆಚೆ ಯಾವುದೋ ಅಪಾರ್ಟ್‌ಮೆಂಟಿನವರು ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿದೆ.

ಹಂಸಳ ಕೆಲಸ ಗರುಡಾಚಾರ್‌ಪಾಳ್ಯದ ಒಂದು ಆಫೀಸಿನಲ್ಲಿ. ಉಪಗ್ರಹ ತೆಗೆದ ಚಿತ್ರಗಳಲ್ಲಿ ಹಳೆಯ ಗೋಡೆಗಳ ಗೆರೆ ಹುಡುಕಿ ಅಲ್ಲೊಂದು ಹಳದಿ ಚುಕ್ಕೆ ಇಡಬೇಕು; ಹಳೆಯ ಊರುಗಳನ್ನು ಅಗೆಯುವವರಿಗೆ ಅದೇ ಗುರುತು. ಆಗ ಅವಳ ಪಾಲಿಗೆ ಬಂದಿದ್ದು ಗ್ರೀಸ್ ದೇಶದ ಒಂದು ಹಳ್ಳಿ, ಅದರ ಸುತ್ತಲ ಗುಡ್ಡಗಳಲ್ಲಿ ಯಾವ ಕಾಲದಲ್ಲೋ ಹಾಳಾದ ಊರುಗಳು. ರಾಮಮೂರ್ತಿ ನಗರದ ಮನೆಗೆ ಲ್ಯಾಪ್‌ಟಾಪ್ ತಂದು, ಅಜ್ಜಿಯನ್ನು ದಿಂಬಿಗೆ ಒರಗಿಸಿ, ಕಿವಿ ಮಂದವಾದ್ದರಿಂದ ಕೂಗಿಯೇ ಹೇಳಿದಳು.

"ನೋಡಜ್ಜಿ, ಮೇಲಿಂದ ಫೋಟೋ ತೆಗ್ದಿದಾರೆ. ಇದೇ ನಿಮ್ಮೂರು."

ಮುದುಕಿ ತಲೆಯಾಡಿಸಿ ಸುಮ್ಮನಾಗುತ್ತಾಳೆ ಅಂದುಕೊಂಡರೆ, ಪರದೆಯ ಮೇಲೆ ಬೆರಳಿಟ್ಟು ಊರನ್ನೇ ತೋರಿಸತೊಡಗಿದಳು. ಇಲ್ಲಿ ಬಾವಿ, ಇಲ್ಲಿ ನಮ್ಮ ಮನೆ, ಹಿತ್ತಿಲ ಗೋಡೆಯ ಬುಡದಲ್ಲಿ ಅವ್ವನ ಬೀಸುವ ಕಲ್ಲು. ಹಂಸ ತಮಾಷೆಗೆ ಅಲ್ಲೆಲ್ಲ ಚುಕ್ಕೆ ಇಟ್ಟಳು. ಆಮೇಲೆ ಅಳಿಸಲು ಮರೆತು ಹಾಗೇ ಕಳಿಸಿಬಿಟ್ಟಳು.

ತಿಂಗಳಾದ ಮೇಲೆ ಗ್ರೀಸಿನಲ್ಲಿ ಅಗೆಯುವವರಿಂದ ಉತ್ತರ ಬಂತು. ಚುಕ್ಕೆ ಇದ್ದಲ್ಲಿ ಅಗೆದಿದ್ದರಂತೆ. ಬಾವಿ ಸಿಕ್ಕಿತ್ತು. ಗೋಡೆಯ ಬುಡದಲ್ಲಿ ಬೀಸುವ ಕಲ್ಲೂ ಸಿಕ್ಕಿತ್ತು. ಮ್ಯಾನೇಜರ್ ಶಹಬ್ಬಾಸ್ ಅಂದ.

ಸಂಜೆ ಮನೆಗೆ ಬಂದರೆ, ಹಾಸಿಗೆ ಬಿಟ್ಟು ಏಳಲಾರದ ಅಜ್ಜಿಯ ಅಂಗಾಲಿನಲ್ಲಿ ಸುಣ್ಣದಂಥ ಬಿಳಿ ಧೂಳು. ಸೆರಗಿನಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಈ ಕಡೆಯ ಯಾವ ಗಿಡದ್ದೂ ಅಲ್ಲ. ಹಂಸ ಅದನ್ನು ಬಿಡಿಸಿ ತೆಗೆದಳು. ಅಜ್ಜಿಯ ಮುಖ ಮಾತ್ರ ಮದುವಣಗಿತ್ತಿಯ ಮುಖ. ದಿನಾ ಊರಿಗೆ ಹೋಗಿ ಬರುತ್ತಿದ್ದೇನೆ ಅಂದಳು.

"ಎಲ್ರೂ ಕೈ ಹಿಡ್ದು ಕರೀತಾರೆ ಕಣಮ್ಮಿ. ಅವ್ರಾಡೋ ಮಾತೇ ತಿಳಿಯಾಕಿಲ್ಲ. ನನ್ ಕಿವಿ ಸರಿಗಿಲ್ವಲ್ಲ, ಅದ್ಕೇ."

ಅದು ನಿನ್ನೂರಲ್ಲ ಎಂಬ ಮಾತು ಹಂಸಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಸುಖವಾಗಿದ್ದ ಮುಖ ನೋಡಿ ನುಂಗಿಕೊಂಡಳು. ಆ ವಾರವೇ ಅಜ್ಜಿ ತೀರಿಕೊಂಡಳು.

ಮಹಾಲಯ ಅಮಾವಾಸ್ಯೆ ಬಂತು. ಹಂಸಳ ಅಪ್ಪ ಶ್ರೀನಿವಾಸ್ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರನ್ನು ಹೊರಗೆ ನಿಲ್ಲಿಸಿದರು. ಹಿರಿಯರು ಬಂದು ಉಂಡರೆ ಏನಾದರೊಂದು ಗುರುತು ಬಿಟ್ಟೇ ಹೋಗುತ್ತಾರೆ ಎಂಬುದು ಆ ಮನೆಯ ನಂಬಿಕೆ. ಬಾಗಿಲು ತೆಗೆದಾಗ ತಾತನ ಎಲೆಯಲ್ಲಿ ವಡೆ ಮುರಿದಿತ್ತು, ಬೀಡಿ ಉರುಳಿತ್ತು. ಅಜ್ಜಿಯ ಎಲೆಯಲ್ಲಿ ಒಂದು ಅಗುಳೂ ಅಲುಗಿರಲಿಲ್ಲ. ಹೊಸಬಳು, ದಾರಿ ಗೊತ್ತಾಗಿರಲ್ಲ, ಮುಂದಿನ ವರ್ಷ ಬರ್ತಾಳೆ ಎಂದು ಅಪ್ಪ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಅಜ್ಜಿ ಎಲ್ಲಿದ್ದಾಳೆಂದು ಹಂಸಳಿಗೆ ಗೊತ್ತಿತ್ತು. ರೂಮಿಗೆ ಹೋಗಿ, ಆಫೀಸಿಗೆ ಬಂದಿದ್ದ ಆ ಗುಡ್ಡದ ಹೊಸ ಚಿತ್ರ ತೆರೆದಳು. ಅಗೆದ ಮನೆಯ ಹೊಸ್ತಿಲಲ್ಲಿ, ಹಿಂದಿನ ಚಿತ್ರದಲ್ಲಿ ಇರದಿದ್ದ ಒಂದು ಬಿಳಿ ಚುಕ್ಕೆ. ಹಿಗ್ಗಿಸಿ ನೋಡಿದಳು. ಸೆರಗು ಹೊದ್ದು ಕೂತ ಮುದುಕಿ. ಸುತ್ತಲೂ ನೆರಳುಗಳು ನಿಂತಿದ್ದವು, ಆ ನೆರಳು ಬೀಳಿಸುವ ಮನುಷ್ಯರು ಮಾತ್ರ ಇರಲಿಲ್ಲ. ಅವಳು ತಲೆ ಮೇಲೆತ್ತಿ, ಒಂದು ಕೈಯನ್ನು ಕಿವಿಯ ಹಿಂದೆ ಹಿಡಿದು, ನೇರ ಇತ್ತಲೇ ನೋಡುತ್ತಿದ್ದಳು.

"ಅದು ನಿಮ್ಮೂರಲ್ಲ ಅಜ್ಜಿ. ನಾನು ಸುಳ್ಳು ಹೇಳ್ದೆ. ಮನೆಗೆ ಬಂದ್ಬಿಡು."

ಗಂಟಲು ಹರಿಯುವಂತೆ ಕೂಗಿದಳು. ಮತ್ತೆ ಮತ್ತೆ ಕೂಗಿದಳು. ಎಡೆಯ ಮುಂದಿದ್ದ ಅಪ್ಪ ಗಾಬರಿಯಾಗಿ ಓಡಿಬಂದರು, ಅಕ್ಕಪಕ್ಕದವರೂ ಬಾಗಿಲಿಗೆ ಬಂದರು. ಚಿತ್ರದೊಳಗೆ ಆ ಕೈ ಕಿವಿಯ ಹಿಂದೆಯೇ ಇತ್ತು.