ಬೋಗುಣಿಯ ಮೇಲಿನ ಗಸಗಸೆ

"ಎತ್ತಬ್ಯಾಡ್ರಿ! ಅವರು ಉಸರ ಬಿಟ್ರು, ನಾ ಕೇಳೀನಿ!"

ಗುರುಲಿಂಗಪ್ಪನನ್ನು ಶವ ಹೊರುವ ವಿಮಾನಕ್ಕೆ ಎತ್ತಲು ಬಗ್ಗಿದವರು ಹಾಗೇ ನಿಂತರು. ಹಿಂದಿನ ಸಂಜೆ ತೀರಿಕೊಂಡವನನ್ನು ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದಿದ್ದರು. ಭುಜ ಹಿಡಿದು ಅಲುಗಿಸಿದ್ದೇ ತಡ, ಎದೆಯೊಳಗಿಂದ ನಿಟ್ಟುಸಿರೊಂದು ಹೊರಬಂದದ್ದನ್ನು ಹೆಂಡತಿ ಶಿವಲಿಂಗವ್ವ ಕೇಳಿದ್ದಳು. ಅತ್ತ ಮುಚ್ಚಂಡಿ ದಾರಿಯ ಹೊಲದಲ್ಲಿ ಕುಣಿ ತೋಡಿ ಮುಗಿದಿತ್ತು.

"ವೈನಿ, ಅದು ಒಳಗಿನ ಗಾಳಿ. ಕೂಡಿಸಿದ ಮ್ಯಾಲ ಹಂಗ ಬರತೈತ್ರಿ," ಎಂದ ಮೈದುನ ಅಣ್ಣಾರಾಯ.

"ಮಣ್ಣ ಹಾಕಿದ ಮ್ಯಾಲ ಎಚ್ಚರಾದ್ರ? ಯಾರನ್ನ ಕರೀತಾರವರು, ಕತ್ತಲಿಯೊಳಗ?"

ಅಂಗಳದಲ್ಲಿ ಭಜನೆ ನಿಂತುಹೋಯಿತು.

*

ಗುರುಲಿಂಗಪ್ಪ ಭೋಂಗಾ, ಅಂದರೆ ತುತ್ತೂರಿಯಂಥ ಧ್ವನಿವರ್ಧಕ, ಬಾಡಿಗೆಗೆ ಕೊಡುತ್ತಿದ್ದ. ಸ್ವರಾಜ್ಯ ಬಂದ ಹೊಸತು. ಸಭೆಗೂ ಅದೇ ಬೇಕು, ಗುಡ್ಡಾಪುರದ ಭಜನೆಗೂ ಅದೇ ಬೇಕು. ಕೊಳ್ಳಲು ಮಿರಜಿಗೆ ಹೋದಾಗ ಹೆಂಡತಿಯೂ ಜೊತೆಗಿದ್ದಳು. ಅಂಗಡಿಯವ ಫಳಫಳ ಹೊಳೆಯುವುದೊಂದನ್ನು ಹಚ್ಚಿದ.

"ದನಿ ಏನ್ ಚಲೋ ಐತ್ರಿ! ಇದನ್ನ ತಗೋರಿ," ಎಂದಳು.

ಗಂಡ ಮಹಾರಾಯ ಮಾಡಿದ್ದೇನು? ಎರಡೂ ಕಿವಿಗೆ ಹತ್ತಿ ತುರುಕಿಕೊಂಡ! ಮನೆಯಿಂದ ತಂದಿದ್ದ ಬೋಗುಣಿಯ ಬಾಯಿಗೆ ತೆಳು ಕಾಗದ ಬಿಗಿದು, ಗಸಗಸೆ ಉದುರಿಸಿ, ಭೋಂಗಾದ ಮುಂದೆ ನೆಲಕ್ಕಿಟ್ಟ. ಎಲ್ಲ ಭೋಂಗಾಗಳಿಗೂ ಒಂದೇ ರೆಕಾರ್ಡು ಹಾಕಿಸಿದ. ಕಾಳು ಕುಣಿಯುವುದು ನಿಲ್ಲುವ ತನಕ ಬೋಗುಣಿಯನ್ನು ಹಿಂದೆ ಸರಿಸುತ್ತ ಹೋಗಿ, ಹಗ್ಗ ಹಿಡಿದು ದೂರ ಅಳೆದ. ಗೆದ್ದದ್ದು ಮೂಲೆಯಲ್ಲಿ ಬಿದ್ದಿದ್ದ ನೆಗ್ಗಿದ ಭೋಂಗಾ.

"ಹುಚ್ಚಿ, ಕಿವಿ ನಮ್ಮ ಮನಸಿನ ಕಡೀದು. ನಮಗ ಬೇಕಾದ್ದನ್ನ ಕೇಳಸತೈತಿ. ಬೋಗುಣಿ ಕೈಯಾಗೂ ಹಿಡೀಬಾರದು. ಕೈನೂ ನಮ್ದ ಅಲ್ಲೇನು?"

ಅಂಗಡಿಯವರೆಲ್ಲ ನಕ್ಕರು. ಶಿವಲಿಂಗವ್ವ ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದಳು.

*

ಈಗ ಅವಳೇ ಒಳಗೋಡಿ ಆ ಬೋಗುಣಿ ತಂದಳು. ಕಾಗದ ಬಿಗಿದು, ಗಸಗಸೆ ಉದುರಿಸಿ ಗಂಡನ ಮೂಗಿನ ಕೆಳಗೆ ಹಿಡಿದಳು.

ಕಾಳುಗಳು ಸರಿದವು.

"ಶಿವನೇ! ಅಲ್ಲಾಡಿದುವು!" ಅಣ್ಣಾರಾಯ ಕಿರುಚಿದ. ಕೆಲವರು ಹೆದರಿ ಬಾಗಿಲಿಗೆ ಓಡಿದರು.

ಶಿವಲಿಂಗವ್ವ ತನ್ನ ಮಣಿಕಟ್ಟು ನೋಡಿಕೊಂಡಳು. ಅದು ಗಡಗಡ ನಡುಗುತ್ತಿತ್ತು. ಹೀಗೇ ಹಿಡಿದುಕೊಂಡಿದ್ದರೆ ಸಾಕು, ಇವತ್ತು ಯಾರೂ ಅವನನ್ನು ಮನೆಯಿಂದ ಒಯ್ಯುವುದಿಲ್ಲ. ಆ ಆಸೆ ಕಂಡು ಅವಳಿಗೇ ಭಯವಾಯಿತು.

"ಅಣ್ಣಾರಾಯಾ, ಭೋಂಗಾದ ಪೆಟ್ಟಿಗಿ ತಾ," ಎಂದಳು. "ಅದರ ಮ್ಯಾಲಿಡೂಣು. ನನ್ನ ಕೈ ನಡಗಾಕತ್ತೈತಿ."

ಎತ್ತರದ ಪೆಟ್ಟಿಗೆಯನ್ನು ತಂದು ಎದುರಿಗೆ ನಿಲ್ಲಿಸಿದರು. ಬೋಗುಣಿ ಇಟ್ಟು ಅವಳು ಕೈ ಬಿಟ್ಟಳು. ಮನೆ ತುಂಬ ನೆರೆದ ಜನ ಉಸಿರು ಬಿಗಿಹಿಡಿದರು. ಕಾಳುಗಳು ಇದ್ದಲ್ಲೇ ಇದ್ದವು.

ಬಹಳ ಹೊತ್ತಾದ ಮೇಲೆ ಅಣ್ಣಾರಾಯ ಮೆಲ್ಲಗೆ ಕೈ ಚಾಚಿದ. "ಸಾಕ್ರಿ ವೈನಿ."

"ಇನ್ನೊಂದ ಸ್ವಲ್ಪ ಇರಲಿ."

ತನ್ನ ಉಸಿರು ತಾಗದಿರಲೆಂದು ಸೆರಗನ್ನು ಮೂಗು ಬಾಯಿಗೆ ಒತ್ತಿಕೊಂಡು, ಅವಳು ಗಸಗಸೆಯನ್ನೇ ನೋಡುತ್ತ ಕುಳಿತಳು.