ಗಂಗಕ್ಕನ ಒಪ್ಪಿಗೆ

“ಹೊಸಿಲು ದಾಟಬ್ಯಾಡ್ರಿ ಮೇಡಂ. ಏನಿದ್ರೂ ಅಲ್ಲೇ ನಿಂತು ಹೇಳ್ರಿ,” ಎಂದ ಹನುಮೇಶ.

ಶಾಹಿಸ್ತಾ ಅಷ್ಟರಲ್ಲಿ ಚಪ್ಪಲಿ ಬಿಟ್ಟಾಗಿತ್ತು. ಅಂಗಳದ ಕಾದ ಚಪ್ಪಡಿಯ ಮೇಲೆ ಬರಿಗಾಲಲ್ಲೇ ನಿಂತಳು. ಮೂರು ವರ್ಷದಲ್ಲಿ ಹನ್ನೊಂದು ಸಲ ಈ ಹಟ್ಟಿಗೆ ಬಂದಿದ್ದಳು. ಹಾಲುರಾಮೇಶ್ವರದ ರಸ್ತೆಯಲ್ಲಿ ಬಸ್ಸಿಳಿದು ನಡೆದು ಬರುವಷ್ಟರಲ್ಲಿ ಯಾರಾದರೊಬ್ಬರು “ಗಂಗಕ್ಕಾ, ನಿನ್ನ ದುರ್ಗದ ಮೇಡಂ ಬಂದ್ರು” ಎಂದು ಕೂಗಿ ಹೇಳುತ್ತಿದ್ದರು. ಇವತ್ತು ದಾರಿಯಲ್ಲಿ ಸಿಕ್ಕವರೆಲ್ಲ ಮುಖ ಆ ಕಡೆ ಮಾಡಿಕೊಂಡಿದ್ದರು.

ಹನುಮೇಶ ಭಾನುವಾರದ ಪತ್ರಿಕೆಯನ್ನು ಅವಳ ಮುಂದೆ ಹಿಡಿದ. “ಇದು ನಮ್ಮವ್ವನ ಕೈ ಹೌದೋ ಅಲ್ವೋ, ಹೇಳಿಬಿಡ್ರಿ.”

ನೋಡಬೇಕಾಗಿರಲಿಲ್ಲ. ಅವಳೇ ಮೊಬೈಲಿನಲ್ಲಿ ತೆಗೆದ ಚಿತ್ರ ಅದು. ಬಿಚ್ಚಿಕೊಳ್ಳಲಾಗದೆ ಮಡಚಿಕೊಂಡೇ ಇದ್ದ ಗಂಗಕ್ಕನ ಮುಷ್ಟಿ, ಅದರ ಹಿಂದೆ ಮುಂಗೈಯ ಮೇಲೆ ಹಸಿರು ಹಚ್ಚೆಯಲ್ಲಿ ತೀರಿಹೋದ ಗಂಡನ ಹೆಸರು: ಈರಬಸಪ್ಪ. ಪಕ್ಕದಲ್ಲಿ ಶಾಹಿಸ್ತಾಳ ಸಂಶೋಧನೆಯ ಮಾರ್ಗದರ್ಶಕ ರಘುನಾಥರ ನಗುಮುಖ. ಮೇಲೆ ದಪ್ಪ ಅಕ್ಷರದಲ್ಲಿ, ‘ಕುರಿಗಾಹಿ ಮನೆತನದ ವಂಶವಾಹಿ ರೋಗ: ದುರ್ಗದ ವಿಜ್ಞಾನಿಯ ಶೋಧ’.

ಹೆಸರು ಕಾಣದ ಹಾಗೆ ಕತ್ತರಿಸಿದ ಚಿತ್ರವನ್ನೂ ಅವಳು ರಘುನಾಥರಿಗೆ ಕಳಿಸಿದ್ದಳು. ಅವರು ಪತ್ರಿಕೆಗೆ ಕೊಟ್ಟದ್ದು ಕತ್ತರಿಸದ ಚಿತ್ರವನ್ನು.

ಗಂಗಕ್ಕನಿಗೆ ಹಿಡಿದದ್ದನ್ನು ಬಿಡುವುದು ಕಷ್ಟ. ಚೊಂಬು ಹಿಡಿದರೆ ಬೆರಳು ಬಿಚ್ಚಲು ಒಂದು ಗಳಿಗೆ ಬೇಕು. ಅವಳ ಅಪ್ಪನಿಗೂ ಹೀಗೇ ಇತ್ತು. ಕೊನೆಕೊನೆಗೆ ಅವನಿಗೆ ಎದ್ದು ನಡೆಯಲೂ ಆಗುತ್ತಿರಲಿಲ್ಲ. ದುರ್ಗದ ಹೊರಗಿನ ಸಂಶೋಧನಾ ಕೇಂದ್ರದಲ್ಲಿ ಜೀವರಸಾಯನಶಾಸ್ತ್ರದ ಪಿಎಚ್‌.ಡಿ.ಗೆ ಸೇರಿದ್ದ ಶಾಹಿಸ್ತಾ ಹುಡುಕಿಕೊಂಡು ಬಂದದ್ದು ಇದನ್ನೇ. ಜೀವಕೋಶದೊಳಗೆ ಆರ್‌ಎನ್‌ಎ ಅಂತ ಒಂದು ಎಳೆ ಇರುತ್ತದೆ, ನಿಮ್ಮ ಮನೆತನದಲ್ಲಿ ಅದರ ಒಂದು ತುಂಡು ನೂರಾರು ಸಲ ಮತ್ತೆ ಮತ್ತೆ ಬಂದು ಎಳೆ ಉದ್ದವಾಗಿದೆ, ಬೇರೆ ಕಡೆ ದುಡಿಯಬೇಕಾದ ಪ್ರೋಟೀನು ಅದಕ್ಕೆ ಹೋಗಿ ಅಂಟಿಕೊಂಡು ಬರಲಾರದೆ ಕೂತಿದೆ ಎಂದು ಮೊದಲ ದಿನವೇ ಕೂತು ವಿವರಿಸಿದ್ದಳು. ಗಂಗಕ್ಕ, “ಕುರಿ ಉಣ್ಣೆಗೆ ಉತ್ತರಾಣಿ ಮುಳ್ಳು ಹತ್ತಿದಂಗೆ ಅನ್ನು. ಕೀಳಾಕೆ ಹೋದ್ರೆ ಉಣ್ಣೇನೇ ಕಿತ್ತು ಬರ್ತೈತೆ,” ಎಂದಿದ್ದಳು. ಶಾಹಿಸ್ತಾ ಅದನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಉಣ್ಣೆ ಕೀಳದೆ ಉತ್ತರಾಣಿ ಬಿಡಿಸುವ ಔಷಧಿಯ ಹುಡುಕಾಟವೇ ಅವಳ ಕೆಲಸವಾಯಿತು.

ಆ ಮಾತೂ ಪತ್ರಿಕೆಯಲ್ಲಿತ್ತು, ರಘುನಾಥರ ಮಾತಾಗಿ. ಲೇಖನದಲ್ಲಿ ಎಲ್ಲಿಯೂ ಶಾಹಿಸ್ತಾಳ ಹೆಸರಿರಲಿಲ್ಲ. ವಿದೇಶದ ನಿಯತಕಾಲಿಕದಲ್ಲಿ ಬಂದ ಪ್ರಬಂಧದ ಲೇಖಕರ ಪಟ್ಟಿಯಲ್ಲೂ ಅಷ್ಟೇ. ಕೊನೆಯ ಸಾಲಿನಲ್ಲಿ, ಗಾಜಿನ ಸಾಮಾನು ತೊಳೆಯುವವರ ಜೊತೆಗೆ ಅವಳಿಗೂ ಒಂದು ಧನ್ಯವಾದ. ಅದನ್ನು ನೋಡಿದ ದಿನ ಅವಳು ಊಟ ಬಿಟ್ಟಿದ್ದಳು. ಇವತ್ತು ಬಸ್ಸಿನಲ್ಲಿ ಬರುವಾಗಲೂ, ನನಗೂ ಮೋಸವಾಗಿದೆ ಗಂಗಕ್ಕ ಎಂದು ಹೇಳಿಕೊಳ್ಳಬೇಕೆಂದೇ ಅವಳ ಮನಸ್ಸಿನಲ್ಲಿದ್ದದ್ದು.

“ನಮ್ಮ ತಂಗಿ ಬಿಂದೂನ ಒಪ್ಪಿದ್ದೋರು ಹಿರಿಯೂರು ಕಡೆಯೋರು,” ಎಂದ ಹನುಮೇಶ. “ಸೋಮವಾರ ಫೋನ್ ಮಾಡಿದ್ರು. ನಿಮ್ಮ ರಕ್ತದಾಗೇ ರೋಗ ಐತಂತೆ, ಪೇಪರ್‌ನಾಗೆ ಬಂದೈತೆ, ಬ್ಯಾಡ ಅಂದ್ರು. ಇಷ್ಟೇ.”

“ಬಿಂದೂಗೆ ಇಲ್ಲ ಅಣ್ಣ,” ಎಂದಳು ಶಾಹಿಸ್ತಾ.

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಬಿಂದು ಹೊರಗೆ ಬಂದಳು. ಹೊಸದುರ್ಗದಲ್ಲಿ ಬಿ.ಎ. ಓದಿದ ಹುಡುಗಿ, ರಕ್ತ ಕೊಡುವಾಗ ಸೂಜಿಯನ್ನೇ ದಿಟ್ಟಿಸಿ ನೋಡಿದವಳು.

“ಏನಿಲ್ಲ?”

“ನಿನಗೆ ಆ ಕಾಯಿಲೆ ಬಂದಿಲ್ಲ. ನಿನ್ನ ರಕ್ತದಲ್ಲಿ ಆ ಎಳೆ ಎಲ್ಲರಿಗೂ ಇರೋವಷ್ಟೇ ಐತೆ. ಇನ್ನೊಂದು ಲ್ಯಾಬಿನಲ್ಲಿ ಖಾತ್ರಿ ಮಾಡ್ಕಬೇಕು, ಆದ್ರೆ ನಾನು ಎರಡು ಸಲ ನೋಡೀನಿ.”

“ಯಾವಾಗ ನೋಡಿದ್ರಿ?”

“ಎಂಟು ತಿಂಗಳಾಯ್ತು.”

“ಎಂಟು ತಿಂಗಳು,” ಎಂದಳು ಬಿಂದು. “ಅದಾದ ಮೇಲೆ ನೀವು ಎರಡು ಸಲ ಬಂದೀರಿ. ನಮ್ಮನೇಲಿ ಉಂಡು ಹೋಗೀರಿ. ನಾನು ದಿನಾ ಬೆಳಿಗ್ಗೆ ಎದ್ದು ಮುಷ್ಟಿ ಕಟ್ಟಿ ಬಿಚ್ಚಿ ನೋಡ್ಕಂತಿದ್ದೆ.”

ಪ್ರಬಂಧ ಅಚ್ಚಾಗುವ ತನಕ ಯಾರಿಗೂ ಏನೂ ಹೇಳಕೂಡದು ಎಂದು ಸರ್ ಅಂದಿದ್ದರು ಎಂಬ ಮಾತು ಶಾಹಿಸ್ತಾಳ ನಾಲಿಗೆಯ ತುದಿಗೆ ಬಂತು. ಆಡಲಿಲ್ಲ. ಹೇಳಬೇಡ ಅಂದದ್ದು ಅವರು. ಈ ಮನೆಯ ಮುದ್ದೆ ಉಂಡು ಸುಮ್ಮನೆ ಕೈ ತೊಳೆದದ್ದು ತಾನು.

ಹನುಮೇಶ ಪತ್ರಿಕೆಯನ್ನು ಮಡಚುತ್ತಿದ್ದ. ಅವನ ರಕ್ತದ ವಿಷಯವೂ ಅವಳಿಗೆ ಗೊತ್ತಿತ್ತು. ಅವಳು ಅವನ ಮುಖ ನೋಡಿದಳು. “ಅಣ್ಣ, ನಿಮ್ದು ಹೇಳ್ಲಾ?”

“ಬ್ಯಾಡ,” ಎಂದು ತಕ್ಷಣ ತಡೆದ. ಪತ್ರಿಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, “ಚಳಿಗಾಲದಾಗೆ ಉಣ್ಣೆ ಕತ್ತರಿ ಕೈ ಬಿಟ್ಟು ಹೋಗಲ್ಲ. ಗೊತ್ತಿರೋದನ್ನೇ ನೀವೇನು ಹೇಳ್ತೀರಿ?” ಎಂದ.

“ವರ್ಷಕ್ಕೊಂದು ಸಲ ಎದೆಯ ಇಸಿಜಿ ಮಾಡಿಸ್ರಿ. ಯಾವುದೇ ಆಪರೇಷನ್ ಇದ್ರೆ ಮೊದಲೇ ಡಾಕ್ಟರಿಗೆ ಹೇಳ್ರಿ, ಪ್ರಜ್ಞೆ ತಪ್ಪಿಸೋ ಔಷಧಿ ನಿಮಗೆ ಅಪಾಯ. ಬರ್ಕೊಟ್ಟು ಹೋಗ್ತೀನಿ.”

ಅದುವರೆಗೂ ಒಳಗೆ ಕಂಬಕ್ಕೊರಗಿ ಕೂತಿದ್ದ ಗಂಗಕ್ಕ ಎದ್ದು ಬಂದಳು. ಇದೇ ಕಾಯಿಲೆಯಿಂದ ನಲವತ್ತೈದಕ್ಕೇ ಕಣ್ಣಿಗೆ ಪೊರೆ ಬಂದಿತ್ತು. ಮುಖ ಹತ್ತಿರ ತಂದು ಶಾಹಿಸ್ತಾಳನ್ನು ನೋಡಿದಳು.

“ಮೊದಲ ದಿನ ಒಂದು ಕಾಗದ ಓದಿ ಹೇಳಿ ಹೆಬ್ಬೆಟ್ಟು ಹಾಕಿಸ್ಕಂಡೆ. ಅದ್ರಾಗೆ ಒಂದು ಮಾತಿತ್ತು. ಯಾವಾಗ ಬ್ಯಾಡ ಅನ್ನಿಸಿದ್ರೂ ವಾಪಸ್ ತಗಬೋದು ಅಂತ. ಇತ್ತೋ ಇಲ್ವೋ?”

“ಇತ್ತು.”

“ಹಂಗಾದ್ರೆ ನಂದೇನೇನು ಒಯ್ದಿದ್ಯೋ ಎಲ್ಲಾ ತೆಗೆದಾಕು. ನಮ್ಮೋರದ್ದೂನು. ನಿಮ್ಮನೇಲಿ ನಂದೊಂದು ಹನಿ ಇರಬಾರದು.”

ಶಾಹಿಸ್ತಾಳ ಮೂರು ವರ್ಷದ ಕೆಲಸವೆಲ್ಲ ಗಂಗಕ್ಕನ ತೋಳಿನ ಚರ್ಮದ ಒಂದು ಚೂರಿನಿಂದ ಬೆಳೆಸಿದ ಜೀವಕೋಶಗಳ ಮೇಲೆ ನಿಂತಿತ್ತು. ಹದಿನೈದು ದಿನದ ಹಿಂದೆಯಷ್ಟೇ ಒಂದು ಔಷಧಿ ಹಾಕಿದಾಗ ಎಳೆಗಂಟಿದ ಪ್ರೋಟೀನು ಸ್ವಲ್ಪ ಸಡಿಲವಾದದ್ದನ್ನು ಕಂಡಿದ್ದಳು. ಅದನ್ನಿನ್ನೂ ರಘುನಾಥರಿಗೆ ಹೇಳಿರಲಿಲ್ಲ. ಗಂಗಕ್ಕನಿಗೆ ಹೇಳಬಹುದಿತ್ತು. ಹೇಳಿದರೆ ಬೇಡುವ ಹಾಗಾಗುತ್ತದೆ ಎನ್ನಿಸಿತು. ಚೀಲದಿಂದ ಬಿಳಿ ಹಾಳೆ ತೆಗೆದು ಅಂಗಳದಲ್ಲೇ ಕೂತು, ಒಪ್ಪಿಗೆ ವಾಪಸ್ ಪಡೆದಿದ್ದೇವೆ ಎಂದು ಬರೆದಳು. ಮೂವರಿಗೂ ಓದಿ ಹೇಳಿದಳು. ಗಂಗಕ್ಕ ಹೆಬ್ಬೆಟ್ಟು ಒತ್ತಿದಳು. ಮಕ್ಕಳಿಬ್ಬರೂ ಸಹಿ ಹಾಕಿದರು.

ಮರುದಿನ ರಘುನಾಥರು ಆ ಹಾಳೆಯನ್ನು ಓದಿ ಮೇಜಿನ ಮೇಲೆ ಇಟ್ಟರು. “ನೋಡಮ್ಮ, ನಾಶ ಮಾಡಿದೀವಿ ಅಂತ ಒಂದು ಪತ್ರ ಟೈಪ್ ಮಾಡಿ ಕಳಿಸಿಬಿಡು. ಅವರು ಬಂದು ಫ್ರೀಜರ್ ತೆಗೆದು ನೋಡ್ತಾರಾ? ನಿನ್ನ ಥೀಸಿಸ್ಸೂ ಇದರಲ್ಲೇ ಇರೋದು, ಯೋಚನೆ ಮಾಡು.”

“ಚಿತ್ರ ಯಾಕೆ ಕೊಟ್ರಿ ಸರ್?”

“ಅವರು ಕೇಳಿದರು, ಕೊಟ್ಟೆ. ಅಕ್ಷರ ಓದೋಕಾಗುತ್ತೆ ಅಂತ ಯಾರಿಗೆ ಗೊತ್ತು?” ಎಂದು ಅವರು ಕನ್ನಡಕ ಒರೆಸಿಕೊಂಡರು. ಐದು ವರ್ಷ ಗುರು ಎಂದು ತಾನು ಎದ್ದು ನಿಂತದ್ದು ಈ ಮನುಷ್ಯನಿಗೆ ಎಂದು ಶಾಹಿಸ್ತಾಳಿಗೆ ಅನ್ನಿಸಿತು. ಆ ಮಧ್ಯಾಹ್ನವೇ ಅವಳು ಕೇಂದ್ರದ ನೈತಿಕ ಸಮಿತಿಗೆ ಗಂಗಕ್ಕನ ಹಾಳೆಯ ಜೊತೆ ಇನ್ನೊಂದು ಪತ್ರ ಕೊಟ್ಟಳು. ಚಿತ್ರ ಹೇಗೆ ಹೊರಗೆ ಹೋಯಿತೆಂದು ಬರೆದಳು. ಎಂಟು ತಿಂಗಳು ತಾನು ಬಾಯಿ ಬಿಡಲಿಲ್ಲವೆಂದೂ ಬರೆದಳು.

ಒಂಬತ್ತು ದಿನಕ್ಕೆ ಮಾದರಿಗಳನ್ನು ನಾಶ ಮಾಡಲು ಆದೇಶ ಬಂತು. ರಘುನಾಥರ ವಿಚಾರಣೆಗೆ ದಿನ ಗೊತ್ತಾಗಿರಲಿಲ್ಲ. ಶಾಹಿಸ್ತಾಳಿಗೆ ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಳ್ಳುವಂತೆ ಎರಡು ಸಾಲಿನ ಇ–ಮೇಲ್ ಬಂದಿತ್ತು. ಅವಳು ಬಿಂದುವಿಗೆ ಫೋನ್ ಮಾಡಿ ನಾಶದ ದಿನ ತಿಳಿಸಿದಳು.

ಗುರುವಾರ ಹನ್ನೊಂದಕ್ಕೆ ಕೇಂದ್ರದ ಗೇಟಿನಲ್ಲಿ ಬಿಂದು ನಿಂತಿದ್ದಳು. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಬಂದಿದ್ದಳು. “ಅವ್ವ ಕಣ್ಣಾರೆ ನೋಡ್ಕಂಡು ಬಾ ಅಂದ್ಲು,” ಎಂದಳು, ಅಷ್ಟೇ.

ಶಾಹಿಸ್ತಾ ಅವಳಿಗೊಂದು ಬಿಳಿ ಕೋಟು ಕೊಟ್ಟಳು. ಹೆಪ್ಪುಗಟ್ಟಿದ ಇಪ್ಪತ್ತಮೂರು ಪುಟ್ಟ ಸೀಸೆಗಳನ್ನು ಒಂದೊಂದಾಗಿ ತೆಗೆದು, ಚೀಟಿ ಓದಿಸಿ, ತಟ್ಟೆಯಲ್ಲಿಟ್ಟಳು. ಅವು ಕರಗಿದ ಮೇಲೆ ಬ್ಲೀಚ್ ಸುರಿದಳು. ರಕ್ತದ ನಳಿಕೆಗಳೂ ಆದವು. ಕೊನೆಗೆ ಬೆಚ್ಚನೆಯ ಪೆಟ್ಟಿಗೆಯಿಂದ ಒಂದು ಚಪ್ಪಟೆ ಸೀಸೆ ಬಂತು. ತಳದಲ್ಲಿ ತೆಳು ಗುಲಾಬಿ ನೀರು.

“ಇದ್ರಲ್ಲಿ ಏನೈತೆ?”

“ನಿಮ್ಮವ್ವನ ಜೀವಕೋಶಗಳು. ಇವು ಇನ್ನೂ ಬದುಕಿದಾವೆ.”

ಬಿಂದು ಸೀಸೆಯ ಹತ್ತಿರ ಮುಖ ತಂದಳು. ಆಮೇಲೆ, “ಕಾಣ್ತಾವಾ?” ಎಂದಳು.

ಶಾಹಿಸ್ತಾ ಸೀಸೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ದೀಪ ಹಾಕಿ ಪಕ್ಕಕ್ಕೆ ಸರಿದಳು. ಬಿಂದು ಜಡೆಯನ್ನು ಬೆನ್ನಿಗೆ ತಳ್ಳಿ ಬಗ್ಗಿದಳು. ಒಂದು ಕಣ್ಣು ಮುಚ್ಚಿದಳು, ಆಮೇಲೆ ಎರಡನ್ನೂ ತೆರೆದಳು. ಕಿಟಕಿಯಾಚೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಬ್ಲೀಚ್ ಬಾಟಲಿಯ ಮುಚ್ಚಳ ತೆಗೆದು ಹಿಡಿದುಕೊಂಡು ಶಾಹಿಸ್ತಾ ಕಾಯುತ್ತಿದ್ದಳು. ಬಿಂದು ತಲೆ ಎತ್ತಲಿಲ್ಲ.